ಕಾವಲು ಓಣಿ

ಬಾಗಿಲು ತಗ್ಗು, ತಲೆ ಜೋಪಾನ ಎಂದು ಗೈಡು ಹೇಳುವ ಮೊದಲೇ ಹೆಂಡತಿ ತಲೆ ಬಗ್ಗಿಸಿದಳು.

ಹಿಂದೆಯೇ ಇದ್ದ ಗಂಡ ಅದನ್ನು ಕಂಡ. ಕಾಣುತ್ತಲೇ ಹೆಜ್ಜೆ ಇಟ್ಟಿದ್ದರಿಂದ ಹಣೆ ಚೌಕಟ್ಟಿಗೆ ಬಡಿಯಿತು.

“ಜೋಪಾನ ಅಂದ್ನಲ್ಲ ಸಾರ್.”

“ಬಡಿದ ಮೇಲೆ ಅಂದ್ರಿ.”

ಹಿಂದೆ ನಿಂತವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ನಾದಿನಿ, ಹೆಂಡತಿಯ ತಂಗಿ. “ಶೇರುಪೇಟೆಗೆ ಕಾಲಿಟ್ಟ ತಕ್ಷಣ ತಲೆಗೆ ಪೆಟ್ಟು! ಸರಿಯಾಗೇ ಇದೆ ಬಿಡಿ ಭಾವ.”

ಹೆಂಡತಿ ನಗಲಿಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದಳು. ಹಣೆಗೆ ಒತ್ತಲಿಲ್ಲ, ಅವನ ಕೈಗೆ ಕೊಟ್ಟಳು.

ಭಾನುವಾರವಾದ್ದರಿಂದ ಹಳೇ ಶೇರುಪೇಟೆಯ ದೊಡ್ಡ ಕದ ಮುಚ್ಚಿತ್ತು. ಅದರ ಹೊಟ್ಟೆಯಲ್ಲಿ ಕೊರೆದ ದಿಡ್ಡಿ ಬಾಗಿಲಿನಿಂದ ಒಬ್ಬೊಬ್ಬರೇ ನುಗ್ಗಬೇಕಿತ್ತು. ಮೊದಲು ನುಗ್ಗಿದವಳು ಹೆಂಡತಿ. ಅವಳ ಮುಂದೆ ಬಗ್ಗಿ ತೋರಿಸಿದವರು ಯಾರೂ ಇರಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಚೌಕಟ್ಟು ಅಷ್ಟು ತಗ್ಗಾಗಿದೆ ಎಂದು ಅವಳಿಗೆ ಹೇಗೆ ಗೊತ್ತಾಯಿತು?

ಈ ಕಡೆ ಒಂದು ದಿನವೂ ಬಂದಿಲ್ಲ ಎಂದು ಬೆಳಗ್ಗೆ ತಾನೇ ಹೇಳಿದ್ದಳು.

ಅವನು ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುವವನು. ಸುಟ್ಟುಹೋದ ಅಂಗಡಿ, ಕಳುವಾದ ಕಾರು, ಜಾರಿ ಬಿದ್ದು ಮುರಿದ ಸೊಂಟ. ಎಲ್ಲದರ ಹಿಂದೆಯೂ ಒಂದು ಕಥೆ ಇರುತ್ತದೆ, ಕಥೆಯಲ್ಲಿ ಎಲ್ಲೋ ಒಂದು ಮೊಳೆ ಸಡಿಲವಾಗಿರುತ್ತದೆ. ಅದನ್ನು ಹುಡುಕಲು ಅವನಿಗೊಂದು ಪದ್ಧತಿ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಕು, ನಡುವೆ ಬೇಡದ ಪ್ರಶ್ನೆಯೊಂದನ್ನು ತುರುಕಬೇಕು. ನಿಜ ಹೇಳುವವರು ಎರಡನೇ ಸಲ ತಡವರಿಸುತ್ತಾರೆ, ಮಾತು ಬದಲಿಸುತ್ತಾರೆ, ರೇಗುತ್ತಾರೆ. ಸುಳ್ಳು ಹೇಳುವವರು ಪಾಠ ಒಪ್ಪಿಸಿದಂತೆ ಅದನ್ನೇ ಹೇಳುತ್ತಾರೆ.

ಅವನು ಹೆಂಡತಿಯ ಪಕ್ಕಕ್ಕೆ ಬಂದ.

“ನೀನು ಈ ಕಡೆ ಬಂದೇ ಇಲ್ಲ ಅಲ್ವಾ?”

“ನೀವು ಕರ್ಕೊಂಡು ಬಂದಿದ್ರೆ ತಾನೇ.”

“ಚಪ್ಪಲಿ ಹೊಸದಾ?”

“ಹಳೇದು.”

“ಅಂದ್ರೆ, ಈ ಕಡೆ ಬಂದೇ ಇಲ್ಲ.”

ಅವಳು ನಿಂತು ಅವನ ಮುಖ ನೋಡಿದಳು. “ಎರಡು ಸಲ ಆಯ್ತಲ್ಲ. ಇನ್ನು ಬರ್ಕೊಳ್ಳಿ.”

ಗೈಡು ಮಡಚಿದ ಕೆಂಪು ಕೊಡೆಯೊಂದನ್ನು ತಲೆಯ ಮೇಲೆತ್ತಿ ಹಿಡಿದು ಮುಂದೆ ಮುಂದೆ ಹೋಗುತ್ತಿದ್ದ, ಗುಂಪು ತಪ್ಪದಿರಲೆಂದು. ಹೊರಗೆ ಬೀದಿಯಲ್ಲೂ ಹೀಗೇ ಹಿಡಿದಿದ್ದ, ಅಲ್ಲಿ ತಪ್ಪಿಸಿಕೊಳ್ಳಲು ಜನವೇ ಇರಲಿಲ್ಲ. ವಾರವೆಲ್ಲ ಕೋಟು, ಕಡತ, ಧಾವಂತ ತುಂಬಿರುವ ಬ್ಯಾಂಕುಗಳ ಬೀದಿ ಈಗ ಹಲ್ಲುಸೆಟ್ಟು ತೆಗೆದಿಟ್ಟ ಬಾಯಿಯಂತಿತ್ತು. ಆದರೂ ಕೊಡೆ ಇಳಿಯಲಿಲ್ಲ. ಅವನು ಮನಸ್ಸಿನಲ್ಲೇ ಗೈಡಿಗೆ ಕೆಂಪುಕೊಡೆ ಎಂದು ಹೆಸರಿಟ್ಟ. ಹೆಸರಿಟ್ಟರೆ ಮನುಷ್ಯ ಹಿಡಿತಕ್ಕೆ ಸಿಗುತ್ತಾನೆ ಎಂಬುದು ಅವನ ಅನುಭವ.

ಶೇರುಪೇಟೆಯ ನಡುಮನೆ ಖಾಲಿ ಈಜುಕೊಳದ ಹಾಗೆ ದನಿಯನ್ನು ವಾಪಸು ಎಸೆಯುತ್ತಿತ್ತು. ಮೇಲೆ ಗಾಜಿನ ಗುಮ್ಮಟ. ಗಾಜಿನ ಮೇಲೆ ಪಾರಿವಾಳಗಳ ಕಾಲಿನ ನೆರಳು ಓಡಾಡುತ್ತಿತ್ತು.

“ಇಲ್ಲಿ ನಿಂತು ದಲ್ಲಾಳಿಗಳು ಕೂಗ್ತಿದ್ರು,” ಎಂದ ಕೆಂಪುಕೊಡೆ. “ಬೆಳಗ್ಗೆಯಿಂದ ಸಂಜೆವರೆಗೂ ಕೂಗಾಟ. ಅವರಲ್ಲಿ ಒಬ್ಬ ಕೆಪ್ಪ ಇದ್ದ. ಒಂದು ವರ್ಷ ಪೇಟೆ ಮುಳುಗಿತು ನೋಡಿ, ಘಟಾನುಘಟಿಗಳೆಲ್ಲಾ ಬೀದಿಗೆ ಬಂದ್ರು, ಈ ಕೆಪ್ಪ ಒಬ್ಬನೇ ತೇಲ್ದ. ನಿನ್ನ ಗುಟ್ಟೇನಯ್ಯಾ ಅಂತ ಬರೆದು ತೋರಿಸಿ ಕೇಳಿದ್ರು. ಅವನಂದ, ನನಗೆ ಯಾರ ಸಲಹೇನೂ ಕೇಳಿಸ್ಲಿಲ್ಲ!”

ಗುಂಪು ನಕ್ಕಿತು. ಗುಮ್ಮಟವೂ ನಕ್ಕಿತು.

ಅವನು ನಗಲಿಲ್ಲ. ಅವನು ಹೆಂಡತಿಯ ತುಟಿ ನೋಡುತ್ತಿದ್ದ. ಕೆಪ್ಪ ಬಾಯಿ ಬಿಡುವ ಮೊದಲೇ ಆ ತುಟಿಯ ತುದಿ ಸರಿದಿತ್ತು. ಜೋಕು ಬರುವ ದಾರಿ ಗೊತ್ತಿದ್ದವರು ಹೀಗೆ ಬಾಗಿಲಲ್ಲೇ ಕಾಯುತ್ತಾರೆ.

ಸಾಮಾನ್ಯವಾಗಿ ಅವನಿಗೆ ಇಷ್ಟು ಸಾಕು. ಇದಕ್ಕಿಂತ ಕಡಿಮೆಯಲ್ಲಿ ಎಷ್ಟೋ ಜನರ ಸೊಂಟ ಮುರಿದೇ ಇಲ್ಲವೆಂದು ಅವನು ಸಾಬೀತು ಮಾಡಿದ್ದ.

ಮಧ್ಯಾಹ್ನದ ಹೊತ್ತು ಆಫೀಸಿನಿಂದ ಮನೆಗೆ ಫೋನ್ ಮಾಡಿದರೆ ಎಷ್ಟೋ ದಿನ ಯಾರೂ ಎತ್ತುತ್ತಿರಲಿಲ್ಲ. ಸಂಜೆ ಕೇಳಿದರೆ, ಮಲಗಿದ್ದೆ ಎನ್ನುತ್ತಿದ್ದಳು. ಮುಂದಿನ ವಾರ ಕೇಳಿದರೂ ಮಲಗಿದ್ದೆ. ಅದೇ ಮಾತು, ಅದೇ ದನಿ. ಪದ್ಧತಿಯ ಪ್ರಕಾರ ಅದು ಪಾಠ ಒಪ್ಪಿಸುವುದು. ಆ ಹೊತ್ತಿನಲ್ಲಿ ಅವಳು ಹೊರಗೆ ಹೋಗಿದ್ದರೆ ಇಲ್ಲಿಗೇ ಬಂದಿರಬೇಕು, ಒಬ್ಬಳೇ ಬಂದಿರಲಾರಳು. ಇಂಥ ಜಾಗ ನೋಡಲು ಯಾರಾದರೂ ಒಬ್ಬರೇ ಬರುತ್ತಾರೆಯೆ?

ಇವತ್ತು ಸಂಜೆಯ ಬಸ್ಸಿಗೆ ನಾದಿನಿ ಊರಿಗೆ ವಾಪಸು. ನಾನೂ ನಾಲ್ಕು ದಿನ ಅವಳ ಜೊತೆ ಹೋಗಿ ಬರ್ತೀನಿ ಎಂದಿದ್ದಳು ಹೆಂಡತಿ. ನಾಲ್ಕು ದಿನ. ಆದರೆ ಮಂಚದ ಪಕ್ಕ ನಿಂತಿದ್ದು ದೊಡ್ಡ ಸೂಟ್‌ಕೇಸು. ಅವಳು ಸ್ನಾನಕ್ಕೆ ಹೋದಾಗ ಅವನು ಅದರ ಹಿಡಿ ಹಿಡಿದು ಎತ್ತಿ ನೋಡಿದ್ದ. ಭಾರವಿತ್ತು. ತೆರೆದು ನೋಡಲಿಲ್ಲ. ತೆರೆದಿದ್ದರೆ ತಿಳಿದುಬಿಡುತ್ತಿತ್ತು.

“ಬಾಯಾರಿಕೆ,” ಎಂದ ಅವನು, ಯಾರಿಗೂ ಅಲ್ಲದ ಹಾಗೆ. “ಇಲ್ಲಿ ನೀರು ಎಲ್ಲಿ ಸಿಗತ್ತೋ.”

“ಆ ಕಂಬದ ಹಿಂದೆ,” ಎಂದಳು ಹೆಂಡತಿ.

ಹೋದ. ಕಂಬದ ಹಿಂದೆ ನಲ್ಲಿ ಇತ್ತು. ಸಿಕ್ಕಿಬಿದ್ದಳು ಎನ್ನಿಸಿದಾಗ ಆದದ್ದು ದುಃಖವಲ್ಲ, ಒಂದು ಬಗೆಯ ಸಂತೋಷ. ಅದು ಅವನಿಗೇ ಅಸಹ್ಯವೆನಿಸಿತು. ನೀರು ಕುಡಿಯದೆ ವಾಪಸು ಬಂದ.

“ಕಂಬದ ಹಿಂದೆ ಅಂತ ನಿನಗೆ ಹೇಗೆ ಗೊತ್ತು?”

ನಾದಿನಿ ಕತ್ತೆತ್ತಿ ಮೇಲೆ ತೋರಿಸಿದಳು. ಕಂಬಕ್ಕೆ ಒಂದು ಬೋರ್ಡು ನೇತುಹಾಕಿದ್ದರು. ಕುಡಿಯುವ ನೀರು, ಒಂದು ಬಾಣ.

“ಭಾವ, ನಿಮ್ಮ ಆಫೀಸಿನಲ್ಲಿ ಕಣ್ಣಿಗೇ ಸಂಬಳ ಅಂತ ಅಕ್ಕ ಹೇಳ್ತಿದ್ಲು?”

“ಬೋರ್ಡು ಎತ್ತರದಲ್ಲಿದೆ.”

“ಹೂಂ ಮತ್ತೆ. ನಿಮ್ಮ ಕಣ್ಣು ಬೆಳಗ್ಗೆಯಿಂದ ಅಕ್ಕನ ಎತ್ತರಕ್ಕೇ ನಿಂತಿದೆ.”

ನಾದಿನಿ ಆಡಿದ್ದು ತಮಾಷೆಗೆ. ಆದರೆ ಮುಗಿಸಿ ಅಕ್ಕನ ಕಡೆ ಒಮ್ಮೆ ನೋಡಿದಳು. ಆ ನೋಟ ಅಕ್ಕನಿಂದ ಏನನ್ನೋ ಕೇಳಿತು, ಅಕ್ಕ ಏನನ್ನೋ ಬೇಡವೆಂದಳು. ಎಲ್ಲಾ ಒಂದು ರೆಪ್ಪೆ ಬಡಿತದಲ್ಲಿ. ಇಬ್ಬರಿಗೂ ಗೊತ್ತಿದೆ, ಎಂದುಕೊಂಡ ಅವನು. ಏನು ಗೊತ್ತಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಬೀದಿಗೆ ಬಂದರು. ಎರಡೂ ಕಡೆ ಕಲ್ಲಿನ ಕಟ್ಟಡಗಳು, ಒಂದೊಂದರ ನೆತ್ತಿಯಲ್ಲೂ ಸಿಂಹವೋ ಹಡಗೋ. ನಡುವೆ ಆಕಾಶ ಒಂದು ಪಟ್ಟಿ. ಕೆಂಪುಕೊಡೆ ಒಂದು ಗಡಿಯಾರ ತೋರಿಸಿದ, ಒಂದು ಗುಂಡಿನ ಗುರುತು ತೋರಿಸಿದ, ಮಹಡಿಯಿಂದ ಯಾರೋ ಹಾರಿದ ಕಿಟಕಿ ತೋರಿಸಿದ. ಜನ ಎಲ್ಲದರ ಫೋಟೋ ತೆಗೆದರು. ಹಾರಿದ ಕಿಟಕಿಯ ಫೋಟೋವನ್ನು ಸ್ವಲ್ಪ ಹೆಚ್ಚು ತೆಗೆದರು.

“ಈ ನಡಿಗೆಗೆ ಬರೋಣ ಅಂತ ಮೊದಲು ಅಂದಿದ್ದು ಯಾರು?” ಎಂದ ಅವನು.

“ನಾನಂತೂ ಅಲ್ಲ,” ಎಂದಳು ನಾದಿನಿ. “ನಾನು ಸಿನಿಮಾ ಅಂದೆ.”

“ನೀವೇ,” ಎಂದಳು ಹೆಂಡತಿ.

“ನಾನಾ?”

“ಆಫೀಸಿನ ಬೋರ್ಡಲ್ಲಿ ಹಾಕಿದ್ರು ಅಂದ್ರಿ. ಬುಧವಾರ. ಊಟಕ್ಕೆ ಕೂತಿದ್ರಿ.”

ಅವನಿಗೆ ನೆನಪಾಯಿತು. ಹೌದು, ಅವನೇ ಹೇಳಿದ್ದ. ಆದರೆ ಅವನ ಬಾಯಿಂದ ಅದು ಬರುವಂತೆ ಯಾರಾದರೂ ಮಾಡಿರಬಹುದಲ್ಲ?

ಕಮಾನು ಸಾಲಿನ ಕೆಳಗೆ ಒಂದು ಚಹಾದಂಗಡಿ ತೆರೆದಿತ್ತು. ಕೆಂಪುಕೊಡೆ ಸ್ವಲ್ಪ ಹೊತ್ತು ಬಿಡುವು ಕೊಟ್ಟ. ಮೂವರೂ ಕೂತರು. ಅಂಗಡಿಯವನು ಮೂರು ಲೋಟ ತಂದಿಟ್ಟು ಒಂದನ್ನು ಹೆಂಡತಿಯ ಕಡೆ ತಳ್ಳಿದ. “ಸಕ್ಕರೆ ಇಲ್ದಿರೋದು ನಿಮಗೆ.”

ಅವನು ಲೋಟ ಎತ್ತಲಿಲ್ಲ. ಅಂಗಡಿಯವನ ಬೆನ್ನನ್ನು ನೋಡಿದ. ಹೆಂಡತಿಯನ್ನು ನೋಡಿದ.

“ಸಕ್ಕರೆ ಬೇಡ ಅಂತ ಹೇಳಿದ್ಯಾ ಅವನಿಗೆ?”

“ಹೇಳ್ದೆ.”

“ಯಾವಾಗ?”

“ಹೇಳ್ದಾಗ.”

“ನಾನು ನೋಡ್ಲಿಲ್ಲ.”

“ನೀವು ಕೈ ತೊಳೆಯೋಕೆ ಹೋಗಿದ್ರಿ ಭಾವ,” ಎಂದಳು ನಾದಿನಿ. ಅವಳ ದನಿಯಲ್ಲಿ ಈಗ ತಮಾಷೆ ಕಡಿಮೆಯಾಗಿತ್ತು. “ಇದೇನು, ಕ್ಲೇಮಾ?”

“ಸುಮ್ನೆ ಕೇಳ್ದೆ. ಇವಳು ಚಹಾಕ್ಕೆ ಸಕ್ಕರೆ ಹಾಕ್ಕೊಳ್ತಾಳಲ್ಲ ಅಂತ.”

ನಾದಿನಿ ಲೋಟ ಕೆಳಗಿಟ್ಟಳು.

“ಅಕ್ಕ ಸಕ್ಕರೆ ಬಿಟ್ಟು ಎಷ್ಟು ಕಾಲ ಆಯ್ತು!” ಎಂದಳು ನಾದಿನಿ. “ದಿನಾ ಬೆಳಗ್ಗೆ ಎದುರುಬದುರು ಕೂತು ಕುಡೀತೀರಲ್ಲ ಭಾವ.”

“ಕುಡೀತಾರೆ,” ಎಂದಳು ಹೆಂಡತಿ. “ಲೋಟ ನೋಡ್ಕೊಂಡು.”

ಹೆಂಡತಿ ಲೋಟ ಹಿಡಿದು ಎದ್ದು ಕಮಾನಿನ ಅಂಚಿಗೆ ಹೋಗಿ ನಿಂತಳು. ನಾದಿನಿ ಮುಂದಕ್ಕೆ ಬಾಗಿದಳು.

“ಬಾಗಿಲಲ್ಲಿ ತಲೆ ಬಗ್ಗಿಸಿದ್ಲು ಅಂತ ತಾನೇ ಶುರುವಾಗಿದ್ದು? ನಾನು ನಿಮ್ಮ ಮುಖ ನೋಡ್ದೆ. ಅಕ್ಕ ಎಲ್ಲಾ ಬಾಗಿಲಲ್ಲೂ ಬಗ್ತಾಳೆ ಭಾವ. ಹದಿನಾಲ್ಕಕ್ಕೇ ತಾಳೆಮರದ ಹಾಗೆ ಬೆಳೆದುಬಿಟ್ಲು, ಅಪ್ಪ ಒಂಟೆ ಒಂಟೆ ಅಂತ ರೇಗಿಸ್ತಿದ್ರು. ಆವಾಗಿಂದ ಅಭ್ಯಾಸ. ನಿಮ್ಮನೆ ಅಡುಗೆಮನೆ ಬಾಗಿಲಲ್ಲೂ ಬಗ್ತಾಳೆ. ನೋಡಿಲ್ವಾ?”

ಅವನು ಅಡುಗೆಮನೆಯ ಬಾಗಿಲನ್ನು ಜ್ಞಾಪಿಸಿಕೊಂಡ. ಚೌಕಟ್ಟಿನ ಬಣ್ಣ ಗೊತ್ತಿತ್ತು. ಕೀಲು ಕಿರುಗುಡುವುದು ಗೊತ್ತಿತ್ತು. ಅದರಲ್ಲಿ ಹೆಂಡತಿಯನ್ನು ನಿಲ್ಲಿಸಲು ನೋಡಿದ. ಆಗಲಿಲ್ಲ. ಅವಳ ಕೈ ಬರುತ್ತಿತ್ತು, ಕೈಯಲ್ಲಿ ತಟ್ಟೆ ಇರುತ್ತಿತ್ತು. ತಲೆ ಎಲ್ಲಿರುತ್ತಿತ್ತೋ ಏನೋ.

“ನೋಡಿದ್ದೀನಿ,” ಎಂದ.

ನಾದಿನಿಯೂ ತಣ್ಣಗೆ ಲೋಟ ನೋಡಿದಳು.

ಬಾಗಿಲು ಹೋಯಿತು, ನಲ್ಲಿ ಹೋಯಿತು, ಸಕ್ಕರೆ ಹೋಯಿತು. ಕಡತ ಬರಿದಾಗುತ್ತಿತ್ತು. ಅವನಿಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಯಾರೋ ಕಾಲ ಕೆಳಗಿನ ಜಮಖಾನ ಎಳೆಯುತ್ತಿರುವಂತೆ ದಿಗಿಲಾಯಿತು. ಆದರೆ ತುಟಿ? ಜೋಕಿಗಿಂತ ಮೊದಲು ಸರಿದ ಆ ತುಟಿ?

ಕೆಂಪುಕೊಡೆ ಒಬ್ಬನೇ ಸಿಗರೇಟು ಸೇದುತ್ತಿದ್ದ. ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡಾಗ ಅವನು ಸಾಧಾರಣ ಮನುಷ್ಯ.

“ನಿಮಗೆ ಬಂದವರ ಮುಖ ನೆನಪಿರತ್ತಾ?” ಎಂದು ಇವನು ಹತ್ತಿರ ಹೋಗಿ ಕೇಳಿದ.

“ಯಾಕೆ ಸಾರ್?”

“ಸುಮ್ನೆ. ಅಲ್ಲಿ ಕಮಾನಿನ ಹತ್ರ ನಿಂತಿದ್ದಾರಲ್ಲ, ಅವರು ಮೊದಲು ಬಂದಿದ್ರಾ?”

ಕೆಂಪುಕೊಡೆ ಅತ್ತ ನೋಡಿದ. ಇತ್ತ ನೋಡಿದ. ಬೂದಿ ಕೊಡವಿದ. “ಅವರು ನಿಮ್ಮ ಜೊತೆ ಬಂದೋರಲ್ವಾ?”

“ಹೌದು.”

“ಹಂಗಾದ್ರೆ ಅವರನ್ನೇ ಕೇಳಿ ಸಾರ್.”

“ನಿಮ್ಮನ್ನ ಕೇಳ್ತಿದೀನಿ.”

“ನಾನು ಮುಖ ನೋಡಲ್ಲ ಸಾರ್, ತಲೆ ಎಣಿಸ್ತೀನಿ. ಬಂದಷ್ಟು ಹೋದ್ರೆ ಸರಿ.” ನಕ್ಕ. “ಮೊದಲು ಬಂದೋರು ಯಾಕೆ ಬರ್ತಾರೆ? ಒಂದೇ ಜೋಕಿಗೆ ಎರಡು ಸಲ ಯಾರು ನಗ್ತಾರೆ?”

ಅಡ್ಡಗೋಡೆಯ ಮೇಲೆ ದೀಪವಿಟ್ಟ ಉತ್ತರ. ಬಂದಿದ್ದಾಳೆ ಎನ್ನಲಿಲ್ಲ, ಬಂದಿಲ್ಲ ಎನ್ನಲಿಲ್ಲ. ಇವನಿಗೂ ಹೇಳಿಟ್ಟಿದ್ದಾಳೆಯೆ?

ಗುಂಪು ಮತ್ತೆ ಹೊರಟಾಗ ಹೆಂಡತಿ ಅವನ ಸಮಕ್ಕೆ ಬಂದಳು.

“ಅವನ ಹತ್ರ ಏನು ಕೇಳಿದ್ರಿ?”

“ಇನ್ನೆಷ್ಟು ದೂರ ಅಂತ.”

“ಕೇಳಬೇಕಾದ್ದು ನನ್ನ ಕೇಳಿ.”

“ಏನು ಕೇಳ್ಬೇಕು?”

“ಬೆಳಗ್ಗೆಯಿಂದ ಬಾಯಲ್ಲಿ ಅದುಮಿಕೊಂಡಿದ್ದೀರಲ್ಲ, ಅದನ್ನ. ಒಂದೇ ಸಲ ಕೇಳಿ. ನಡುವೆ ಚಪ್ಪಲಿ ಗಿಪ್ಪಲಿ ಬೇಡ.”

ಅವಳು ಕಾದಳು. ನಿಜವಾಗಿ ಕಾದಳು, ನಡಿಗೆ ನಿಧಾನ ಮಾಡಿ. ಸೂಟ್‌ಕೇಸು ಅವನ ನಾಲಿಗೆಯ ತುದಿಗೆ ಬಂತು. ನಾಲ್ಕು ದಿನಕ್ಕೆ ಅಷ್ಟು ದೊಡ್ಡದು ಯಾಕೆ? ವಾಪಸು ಬರ್ತೀಯಾ? ಇಷ್ಟೇ ಕೇಳಬೇಕಾದದ್ದು. ಅವಳು ಬರ್ತೀನಿ ಎಂದರೆ ಅದನ್ನು ಏನು ಮಾಡುವುದು? ಬರಲ್ಲ ಎಂದರೆ?

“ಏನಿಲ್ಲ,” ಎಂದ.

“ಸರಿ. ಏನಿಲ್ಲ,” ಎಂದು ಅವಳು ಮುಂದೆ ಹೋದಳು.

ಕೊನೆಯದು ಹಳೇ ಬ್ಯಾಂಕು. ಅದರ ನೆಲಮಾಳಿಗೆಯಲ್ಲಿ ತಿಜೋರಿ ಕೋಣೆ. ಮೆಟ್ಟಿಲಿಳಿದಂತೆ ತಂಪು, ತೇವದ ಕಬ್ಬಿಣದ ವಾಸನೆ. ತಿಜೋರಿ ಕೋಣೆ ಕಟ್ಟಡದ ಗೋಡೆಗೆ ತಾಗಿರಲಿಲ್ಲ. ಸುತ್ತ ನಾಲ್ಕೂ ಕಡೆ ಒಬ್ಬ ಮನುಷ್ಯ ನಡೆಯುವಷ್ಟು ಓಣಿ ಬಿಟ್ಟು ನಡುವೆ ನಿಂತಿತ್ತು, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಓಣಿಯ ನಾಲ್ಕು ಮೂಲೆಗಳಲ್ಲೂ ಆಳೆತ್ತರದ ಕನ್ನಡಿ, ಓರೆಯಾಗಿ.

“ಇದಕ್ಕೆ ಕಾವಲು ಓಣಿ ಅಂತಾರೆ,” ಎಂದ ಕೆಂಪುಕೊಡೆ. “ನಂಬಿಕೆ ಇಲ್ಲ ಅಂತ ಬೀಗ ಹಾಕಿದ್ರು. ಬೀಗದ ಮೇಲೂ ನಂಬಿಕೆ ಇಲ್ಲ ಅಂತ ಕಾವಲಿನವನನ್ನ ಇಟ್ರು. ಅವನ ಮೇಲೂ ನಂಬಿಕೆ ಇಲ್ಲ ಅಂತ ಕನ್ನಡಿ ಇಟ್ರು. ಕಾವಲಿನವನು ತಿರುಗೋದೇ ಬೇಡ. ಒಂದು ಕಡೆ ನಿಂತು ನೆಟ್ಟಗೆ ನೋಡಿದ್ರೆ ಸಾಕು, ಈ ಕನ್ನಡಿ ಆ ಕನ್ನಡಿಗೆ ದಾಟಿಸತ್ತೆ, ಅದು ಇನ್ನೊಂದಕ್ಕೆ. ಕಣ್ಣು ನಾಲ್ಕೂ ಓಣಿ ಸುತ್ತಿ ಬರತ್ತೆ. ಸಂಶಯ ಪಡೋಕೇ ಸಂಬಳ.”

“ನಮ್ಮ ಭಾವಂಗೂ ಅದೇ ಕೆಲಸ!” ಎಂದುಬಿಟ್ಟಳು ನಾದಿನಿ, ತಡೆಯಲಾರದೆ. ಜನ ಅವನತ್ತ ತಿರುಗಿ ನಕ್ಕರು.

“ಹಂಗಾದ್ರೆ ಸಾರ್ ಹುಷಾರಾಗಿರ್ಬೇಕು. ಹೊಸದಾಗಿ ಸೇರಿದ ಕಾವಲಿನೋನು ಮೊದಲನೇ ವಾರ ಒಂದು ತಪ್ಪು ಮಾಡೇ ಮಾಡ್ತಿದ್ದ. ದೂರದಲ್ಲಿ ಯಾರೋ ಬೆನ್ನು ಹಾಕಿ ನಿಂತಿದಾನೆ, ಕಳ್ಳ ಕಳ್ಳ ಅಂತ ಕೂಗೋನು. ಅಟ್ಟಿಸ್ಕೊಂಡು ಹೋದ್ರೆ ಕಳ್ಳಾನೂ ಅಷ್ಟೇ ಜೋರಾಗಿ ಮುಂದೆ ಓಡೋನು. ಯಾರದು ಹೇಳಿ? ಅವನ ಬೆನ್ನೇ! ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಬೆನ್ನಿಗೆ ಬೇಕಲ್ಲ.”

ಅವನಿಗೆ ಈ ಮಾತು ಪೂರ್ತಿ ಕೇಳಿಸಲಿಲ್ಲ. ಅವನು ಹೆಂಡತಿಯ ತುಟಿಯನ್ನು ಕಾಯುತ್ತಿದ್ದ. ಈ ಸಲ ಅದು ಸರಿಯಲಿಲ್ಲ. ಎಲ್ಲರೂ ನಕ್ಕ ಮೇಲೂ ಸರಿಯಲಿಲ್ಲ. ಅವಳು ಜೋಕು ಕೇಳುತ್ತಿರಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು.

ಗುಂಪು ತಿಜೋರಿ ಕೋಣೆಯ ಒಳಗೆ ಹೋಯಿತು. ಅವನು ಓಣಿಯಲ್ಲೇ ಉಳಿದ. ಹೊರಗಿನಿಂದಲೇ ಎಲ್ಲಾ ಕಾಣುವುದಾದರೆ ಒಳಗೆ ಯಾಕೆ ಹೋಗಬೇಕು? ಬಾಗಿಲಿನಿಂದ ಸ್ವಲ್ಪ ಮುಂದೆ ಬಂದು ಮೂಲೆಯ ಕನ್ನಡಿಗೆ ನೆಟ್ಟಗೆ ನಿಂತ. ಒಳಗೆ ಕೆಂಪುಕೊಡೆಯ ದನಿ ದಪ್ಪ ಕಬ್ಬಿಣದ ಹಿಂದೆ ನೀರಿನಲ್ಲಿ ಮಾತಾಡಿದಂತೆ ಕೇಳುತ್ತಿತ್ತು.

ಕನ್ನಡಿಯೊಳಗೆ ಒಂದು ಓಣಿ. ಅದರ ತುದಿಯ ಕನ್ನಡಿಯಲ್ಲಿ ಇನ್ನೊಂದು. ಅದರಾಚೆ ಮತ್ತೊಂದು, ಮಂಕು ಬಲ್ಬುಗಳ ಕೆಳಗೆ ಕಿರಿದಾಗುತ್ತಾ. ಎಲ್ಲದರ ಕೊನೆಗೆ, ಬೆನ್ನು ಹಾಕಿ, ಒಬ್ಬ ಮನುಷ್ಯ.

ಅವನು ಕಣ್ಣು ಕಿರಿದು ಮಾಡಿ ನೋಡಿದ.

ಗುಂಪಿನವನಲ್ಲ. ಗುಂಪಿನಲ್ಲಿ ನೆತ್ತಿಯ ಹಿಂದೆ ಹಾಗೆ ಡಬ್ಬಿಯ ಮುಚ್ಚಳದಷ್ಟು ಕೂದಲುದುರಿದವನು ಯಾರೂ ಇರಲಿಲ್ಲ. ಭುಜ ಸ್ವಲ್ಪ ಜೋತುಬಿದ್ದಿತ್ತು. ನಿಂತ ರೀತಿಯಲ್ಲಿ ಎಂಥದೋ ಹೊಂಚು, ಯಾರಿಗೋ ಗುಟ್ಟಾಗಿ ಕಾಯುತ್ತಿರುವವನ ಎಚ್ಚರ. ಹಾಗಾದರೆ ಇಲ್ಲಿ, ಕೊನೆಯ ಜಾಗದಲ್ಲಿ, ಎಲ್ಲರೂ ಒಳಗಿರುವಾಗ, ಹೆಂಡತಿಗಾಗಿ. ಇವನೇ.

ಅವನು ಸದ್ದಾಗದಂತೆ ಒಂದು ಹೆಜ್ಜೆ ಮುಂದಿಟ್ಟ. ಆ ಮನುಷ್ಯನೂ ಒಂದು ಹೆಜ್ಜೆ ಮುಂದೆ ಸರಿದ. ಇವನು ನಿಂತ. ಅವನೂ ನಿಂತ. ಇವನಿಗೆ ಸಿಟ್ಟು ಬಂತು. ಬೇಗ ಬೇಗ ನಡೆದ. ಆ ಜೋತ ಭುಜಗಳು ಅಷ್ಟೇ ಬೇಗ, ಅಷ್ಟೇ ಕಳ್ಳತನದಿಂದ ದೂರ ಸರಿದವು. ಇವನ ಹೆಗಲಿನಿಂದ ಚೀಲದ ಪಟ್ಟಿ ಜಾರಿತು. ಸರಿಮಾಡಲು ಕೈ ಹೆಗಲಿಗೆ ಹೋಯಿತು.

ದೂರದಲ್ಲಿ ಆ ಮನುಷ್ಯನೂ ಹೆಗಲು ಮುಟ್ಟಿ ನೋಡಿಕೊಂಡ.

ಅವನು ನಿಂತಲ್ಲೇ ನಿಂತ. ನಿಧಾನವಾಗಿ ಅದೇ ಕೈಯನ್ನು ತಲೆಯ ಹಿಂದಕ್ಕೆ ಒಯ್ದ. ಬೆರಳಿಗೆ ತಣ್ಣನೆಯ ಚರ್ಮ ತಗುಲಿತು. ಬೆಳಗ್ಗೆ ಹೊರಡುವಾಗ ಹೆಂಡತಿ ಎಂದಿದ್ದಳು: ಹಿಂದೆ ಸ್ವಲ್ಪ ಬಾಚ್ಕೊಳ್ಳಿ. ಯಾಕೆ ಹಾಗಂದಳು, ಇದರ ಅರ್ಥ ಏನು ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ.

ಅಷ್ಟರಲ್ಲಿ ಅಲ್ಲಿ, ಆ ದೂರದ ಓಣಿಯಲ್ಲಿ, ತಿಜೋರಿ ಕೋಣೆಯ ಬಾಗಿಲಿನಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಆ ಬಾಗಿಲು ಆನೆ ನುಗ್ಗುವಷ್ಟು ಎತ್ತರವಿತ್ತು. ಆದರೂ ತಲೆ ಬಗ್ಗಿಸಿ ಬಂದಳು.

ಅವಳು ಅತ್ತಿತ್ತ ನೋಡಿ, ಬೆನ್ನು ಹಾಕಿ ನಿಂತಿದ್ದ ಆ ಮನುಷ್ಯನ ಕಡೆ ನಡೆಯತೊಡಗಿದಳು. ಅವಳ ಬೆನ್ನು, ಅದರಾಚೆ ಅವನ ಬೆನ್ನು. ಅವಳಿಗೆ ಅವಸರವಿರಲಿಲ್ಲ. ಪರಿಚಯದವರ ಹತ್ತಿರ ಹೋಗುವವರ ನಡಿಗೆ. ಅವಳು ಹಾಗೆ ಯಾರ ಹತ್ತಿರವಾದರೂ ನಡೆದು ಹೋಗುವುದನ್ನು ಅವನು ನೋಡಿದ್ದು ಇದೇ ಮೊದಲು.

ಕೋಣೆಯ ಒಳಗಿನಿಂದ ನಾದಿನಿಯ ಕೂಗು ಕೇಳಿಸಿತು. “ಅಕ್ಕಾ, ಹೊತ್ತಾಯ್ತು! ಬಸ್ಸು!”

ಅವಳು ಕೂಗಿಗೆ ತಿರುಗಲಿಲ್ಲ. ಇನ್ನೂ ಹತ್ತಿರ ಹೋದಳು. ಎತ್ತರದವಳಾದ್ದರಿಂದ ಆ ಮನುಷ್ಯ ಅವಳ ಹಿಂದೆ ಮುಕ್ಕಾಲು ಮರೆಯಾದ, ಒಂದು ಹೆಗಲು ಮಾತ್ರ ಕಾಣುತ್ತಿತ್ತು.

“ಕೇಳಿ ಇಲ್ಲಿ,” ಎಂದಳು.

ದನಿ ಅವನ ಕಿವಿಯ ಹಿಂದೆಯೇ ಇತ್ತು. ಬಿಸಿಯುಸಿರು ಕತ್ತಿಗೆ ತಾಗುವಷ್ಟು ಹತ್ತಿರ. ಆದರೆ ಅವಳು ನಿಂತಿದ್ದು ಅಷ್ಟು ದೂರದಲ್ಲಿ, ಆ ಮನುಷ್ಯನೊಡನೆ. ಅವಳ ಕೈ ಮೇಲೆದ್ದಿತು. ಆ ಮನುಷ್ಯನ ಹೆಗಲಿನ ಕಡೆ ಹೋಯಿತು, ಮುಟ್ಟುವುದಕ್ಕೆ ಮೊದಲು ಗಾಳಿಯಲ್ಲಿ ನಿಂತಿತು.

ಅವನು ಅಲುಗಾಡಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಆ ಮನುಷ್ಯ ಈಗ ತಿರುಗುತ್ತಾನೋ ಇಲ್ಲವೋ ಎಂದು ನೋಡುತ್ತಾ ನಿಂತ.